ಹಾಸನದ ಏರಿಯಾಗಳಿಗೆ ಅಂಕ ಹಾಕುವ ಲೆಕ್ಕ

ಹಾಸನದಲ್ಲಿ ಮನೆ ಹುಡುಕುವವರು ಮ್ಯಾಪಿನಲ್ಲಿ "ಒಳ್ಳೆ ಏರಿಯಾ" ಅಂತ ಟೈಪ್ ಮಾಡುವುದಿಲ್ಲ. "ಸಾಲಗಾಮೆ ರೋಡ್ ಹತ್ರ ಪಿಜಿ", "ಬಸ್ ಸ್ಟ್ಯಾಂಡಿಗೆ ನಡೆದು ಹೋಗೋ ಹಾಗೆ ಮನೆ" ಅಂತ ಕೇಳುತ್ತಾರೆ. ಮಲೆನಾಡು ಇಂಜಿನಿಯರಿಂಗ್ ಕಾಲೇಜಿನ ಹುಡುಗನಿಗೆ ರಾತ್ರಿ ಹತ್ತಕ್ಕೂ ಊಟ ಸಿಗುವ ಮೆಸ್ ಬೇಕು. ಅದೇ ಬೀದಿಯ ನಿವೃತ್ತ ಮೇಷ್ಟ್ರಿಗೆ ಆ ಮೆಸ್ಸಿನ ಮುಂದೆ ನಿಲ್ಲುವ ಬೈಕುಗಳೇ ತಲೆನೋವು. ಹಾಗಾಗಿ ಮ್ಯಾಪ್ ಹುಡುಕಾಟದ ಫಲಿತಾಂಶಗಳನ್ನು ಜೋಡಿಸಲು ಏರಿಯಾಗಳಿಗೆ ಅಂಕ ಹಾಕುವಾಗ, ಬಡಾವಣೆಗೆ ನೂರಕ್ಕೆ ಇಷ್ಟು ಅಂತ ಒಂದೇ ಅಂಕ ಕೊಟ್ಟು ಕೂರಬೇಡಿ. ನಡಿಗೆ, ದಿನಸಿ, ಔಷಧಿ, ಬಸ್ಸು, ಸದ್ದು ಇವಕ್ಕೆ ಬೇರೆ ಬೇರೆ ಅಂಕ ಇಟ್ಟು, ಯಾವುದಕ್ಕೆ ಎಷ್ಟು ತೂಕ ಅನ್ನುವುದನ್ನು ಪ್ರಶ್ನೆ ಬಂದಾಗ ತೀರ್ಮಾನಿಸಿ.

ವಾರ್ಡ್ ಗಡಿ ಈ ಕೆಲಸಕ್ಕೆ ಬರುವುದಿಲ್ಲ. ಒಂದೇ ವಾರ್ಡಿನ ಈ ತುದಿಗೂ ಆ ತುದಿಗೂ ಅಜಗಜಾಂತರ ಇರುತ್ತದೆ. ಊರನ್ನು ಎಚ್3 (ಭೂಮಿಯನ್ನು ಆರು ಮೂಲೆಯ ಕೋಶಗಳಾಗಿ ಹಂಚುವ, ಹಂತ ಏರಿದಂತೆ ಕೋಶ ಚಿಕ್ಕದಾಗುವ ಜಾಲ) ಷಟ್ಕೋನಗಳಾಗಿ ಒಡೆಯಿರಿ. 9ನೇ ಹಂತದಲ್ಲಿ ಒಂದು ಕೋಶ ಸುಮಾರು 0.1 ಚದರ ಕಿ.ಮೀ. 8ನೇ ಹಂತಕ್ಕೆ ಹೋದರೆ ಅದು ಸುಮಾರು 0.74 ಚದರ ಕಿ.ಮೀ. ಆಗಿ, ಬಸ್ ಸ್ಟ್ಯಾಂಡಿನ ಗದ್ದಲವೂ ಹಿಂದಿನ ನಿಶ್ಶಬ್ದ ಬೀದಿಯೂ ಒಂದರಲ್ಲೇ ಕಲಸಿಹೋಗುತ್ತವೆ.

ಹೆಚ್ಚು ಎಡವುವುದು ದೂರದ ಲೆಕ್ಕದಲ್ಲಿ. ಪ್ರತಿ ಸೌಲಭ್ಯಕ್ಕೂ ದೂರ ಹೆಚ್ಚಿದಂತೆ ಅಂಕ ಇಳಿಸುವ exp(−ದೂರ/400) ಸೂತ್ರ, ಅಂದರೆ ದೂರವನ್ನು 400 ಮೀಟರಿನಿಂದ ಭಾಗಿಸಿ, ಬಂದದ್ದನ್ನು e (ಸುಮಾರು 2.718) ಸಂಖ್ಯೆಗೆ ಋಣ ಘಾತಾಂಕವಾಗಿ ಹಾಕುವುದು ಸಾಕು: 200 ಮೀಟರಿಗೆ 0.61, 400ಕ್ಕೆ 0.37, 800ಕ್ಕೆ 0.14. ಆದರೆ ಆ ದೂರ ಹದ್ದು ಹಾರಿದ ದೂರವಾಗಿರಬಾರದು. ಮನೆಗೂ ಮೆಡಿಕಲ್ ಶಾಪಿಗೂ ನಡುವೆ ರೈಲ್ವೆ ಹಳಿ ಇದೆ ಅಂದುಕೊಳ್ಳಿ. ನೇರ ಗೆರೆ 250 ಮೀಟರ್, ಅಂಕ 0.54. ಗೇಟು ಸುತ್ತಿ ನಡೆದರೆ 1,100 ಮೀಟರ್, ಅಂಕ 0.06. ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಬರೆಯುವ ಮುಕ್ತ ಮ್ಯಾಪ್) ದತ್ತಾಂಶವನ್ನು ದಾರಿ ಹುಡುಕುವ ತಂತ್ರಾಂಶವಾದ ಓಎಸ್‌ಆರ್‌ಎಮ್‌ಗೆ ಹಾಕಿ, ಕಾಲ್ನಡಿಗೆಯ ಪ್ರೊಫೈಲಿನಲ್ಲೇ ದೂರ ತೆಗೆಯಿರಿ. ಜನ ಹಳಿ ದಾಟುವ ಕಳ್ಳದಾರಿಯನ್ನು ಯಾರಾದರೂ ಮ್ಯಾಪಿನಲ್ಲಿ ಗೆರೆ ಎಳೆದಿದ್ದರೆ ಯಂತ್ರ ಅದನ್ನೂ ರಸ್ತೆಯೆಂದೇ ನಂಬುತ್ತದೆ. ಹಳಿಯನ್ನು ಅಡ್ಡ ಹಾಯುವ ಗೆರೆಗಳನ್ನು ಒಂದೊಂದಾಗಿ ನೋಡಿ.

ಒಂದೇ ಬಗೆಯ ಅಂಗಡಿಗಳನ್ನು ಸುಮ್ಮನೆ ಕೂಡಬೇಡಿ. ಅಯ್ಯಂಗಾರ್ ಬೇಕರಿಗಳ ತವರಲ್ಲಿ ಬೇಕರಿ ಎಣಿಸಿದರೆ ಎಲ್ಲ ಬಡಾವಣೆಯೂ ಸ್ವರ್ಗವೇ! ಹತ್ತಿರದ ಮೂರನ್ನು ಮಾತ್ರ ತೆಗೆದುಕೊಂಡು 1, 0.5, 0.25 ತೂಕ ಕೊಡಿ.

ಇನ್ನು ಖಾಲಿ ಕೋಶಗಳು. ಹಳೇ ಬೀದಿಗಳ ದಿನಸಿ ಅಂಗಡಿ, ಹಾಲಿನ ಬೂತು ಎಷ್ಟೋ ಸಲ ಮ್ಯಾಪಿನಲ್ಲೇ ಇರುವುದಿಲ್ಲ. ಗುರುತು ಇಲ್ಲದ್ದಕ್ಕೆ ಸೊನ್ನೆ ಹಾಕಿದರೆ ಜನ ತುಂಬಿದ ಹಳೇ ಕೇರಿಗಿಂತ ಅರ್ಧ ಖಾಲಿ ಇರುವ ಹೊಸ ಲೇಔಟ್ ಮೇಲೆ ಬರುತ್ತದೆ. ಅಂಕವನ್ನು ಊರಿನ ಮಧ್ಯಾಂಕದ (ಎಲ್ಲ ಕೋಶಗಳ ಅಂಕಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕದ) ಕಡೆಗೆ ಎಳೆಯಿರಿ: ಕೋಶದ ಅಂಕವನ್ನು ಅಲ್ಲಿನ ಒಟ್ಟು ಗುರುತುಗಳ (ಮ್ಯಾಪಿನಲ್ಲಿರುವ ಎಲ್ಲ ಬಗೆಯ ಜಾಗಗಳ) ಸಂಖ್ಯೆಯಿಂದ ಗುಣಿಸಿ, ಮಧ್ಯಾಂಕದ ಐದು ಪಟ್ಟು ಕೂಡಿಸಿ, ಗುರುತುಗಳ ಸಂಖ್ಯೆಗೆ ಐದು ಸೇರಿಸಿ ಭಾಗಿಸಿ. ಮಧ್ಯಾಂಕ 0.5, ಕೋಶದ ಅಂಕ 0.10 ಇದ್ದಾಗ, ಒಂದೇ ಗುರುತಿರುವ ಕೋಶ 0.43ಕ್ಕೆ ಏರುತ್ತದೆ; 40 ಗುರುತಿರುವ ಕೋಶ 0.14ರಲ್ಲೇ ಉಳಿಯುತ್ತದೆ. ಎರಡನೆಯದರಲ್ಲಿ ಬೇರೆ ಗುರುತುಗಳು ಅಷ್ಟೊಂದಿದ್ದೂ ಅಂಕ ಕಡಿಮೆ ಅಂದರೆ, ಅಲ್ಲಿ ನಿಜವಾಗಿಯೂ ಅಂಗಡಿ ಇಲ್ಲ.

ಹೆಸರುಗಳ ಕಾಟ ಬೇರೆ. ಕೆ.ಆರ್. ಪುರಂ ಅಂದರೆ ಹಾಸನದ್ದೋ ಬೆಂಗಳೂರಿನದ್ದೋ? ವಿದ್ಯಾನಗರ, ಕುವೆಂಪು ನಗರ ಊರೂರಿಗೂ ಇವೆ. ಕೇಳಿದವರು ಎಲ್ಲಿದ್ದಾರೆ ಅನ್ನುವುದಕ್ಕೆ ಮೊದಲ ಮಣೆ. ಬಿ.ಎಂ. ರೋಡ್ (ಬೆಂಗಳೂರು-ಮಂಗಳೂರು ರಸ್ತೆ) ಒಂದು ಬಿಂದುವಲ್ಲ, ಉದ್ದದ ಗೆರೆ. ಅದರ ನಡುಮಧ್ಯಕ್ಕೆ ಪಿನ್ ಚುಚ್ಚಿದರೆ "ಬಿ.ಎಂ. ರೋಡ್ ಹತ್ರ" ಅನ್ನುವ ಹುಡುಕಾಟವೆಲ್ಲ ಒಂದೇ ಕಡೆ ಹೋಗಿ ಬೀಳುತ್ತದೆ.

ಜನಸಂದಣಿಗೆ ಸರಾಸರಿ ಬಳಸಬೇಡಿ. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದ ಕೊನೆಯಲ್ಲಿ, ದೀಪಾವಳಿಯ ಆಸುಪಾಸಿನ ಕೆಲವೇ ದಿನ. ಆ ದಿನಗಳ ಜನಜಾತ್ರೆ ಸರಾಸರಿಗೆ ಸೇರಿದರೆ ಗುಡಿಯ ಸುತ್ತಲಿನ ಬೀದಿಗಳು ವರ್ಷವಿಡೀ ಗದ್ದಲದವು ಅನ್ನಿಸಿಕೊಳ್ಳುತ್ತವೆ. ವಾರದ ದಿನ, ಗಂಟೆ ಪ್ರಕಾರ ಮಧ್ಯಾಂಕ ತೆಗೆಯಿರಿ.

ಬಾಡಿಗೆ ದರ, ನಿವೇಶನದ ಬೆಲೆ, ಪೊಲೀಸ್ ದೂರುಗಳ ಎಣಿಕೆಯನ್ನು ಗುಣಮಟ್ಟದ ಅಂಕಕ್ಕೆ ಸೇರಿಸಲೇಬಾರದು. ಮೊದಲೆರಡು ದುಡ್ಡಿನ ಲೆಕ್ಕ. ಮೂರನೆಯದು ಠಾಣೆಗೆ ಹೋಗಿ ದೂರು ಬರೆಸುವವರು ಎಲ್ಲಿದ್ದಾರೆ ಅನ್ನುವುದನ್ನು ಹೇಳುತ್ತದೆ, ಅಷ್ಟೆ.

ಕೊನೆಗೆ ಬಂದ ಅಂಕವನ್ನು ಹುಡುಕಾಟದ ಮೂಲ ಅಂಕಕ್ಕೆ (ಕೇಳಿದ್ದಕ್ಕೆ ಫಲಿತಾಂಶ ಎಷ್ಟು ಹೊಂದುತ್ತದೆ ಅನ್ನುವ ಅಂಕಕ್ಕೆ) 0.85ರಿಂದ 1.15ರ ಒಳಗಿನ ಗುಣಕವಾಗಿ ಮಾತ್ರ ಹಚ್ಚಿ. ಕ್ಲಿನಿಕ್ಕಿನ ಹೆಸರನ್ನೇ ಹೊಡೆದು ಹುಡುಕಿದವರಿಗೆ ಅದೂ ಬೇಡ, ಆ ಕ್ಲಿನಿಕ್ಕನ್ನೇ ತೋರಿಸಿ. ಪರೀಕ್ಷೆಗೆ ಐವತ್ತು ಹುಡುಕಾಟ ಆರಿಸಿ, ಹಳೇ ಪಟ್ಟಿ ಹೊಸ ಪಟ್ಟಿ ಎರಡನ್ನೂ ಯಾವುದು ಯಾವುದೆಂದು ಹೇಳದೆ ಊರಿನವರ ಮುಂದಿಡಿ. ಆಟೋ ಓಡಿಸುವವರು ಒಬ್ಬರಾದರೂ ಇರಲಿ. ಯಾವ ಗೇಟು ಎಷ್ಟು ಹೊತ್ತು ಹಾಕಿರುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ.