ಅವ್ವನ ಕೊರಳು

ಧಾರವಾಡ, 14 ಜುಲೈ 2025, ಸೋಮವಾರ

ಬೆಳಗಿನ ಜಿಟಿಜಿಟಿ ಮಳೆಯಲ್ಲೇ ಅವ್ವನನ್ನು ಹುಬ್ಬಳ್ಳಿಗೆ ಕರೆದೊಯ್ದು, ಅವಳ ಕೊರಳಿನ ಥೈರಾಯ್ಡ್ ಗಡ್ಡೆಯನ್ನು ಶಸ್ತ್ರಚಿಕಿತ್ಸಕರಿಗೆ ತೋರಿಸಿಕೊಂಡು ಬಂದೆವು. ರಕ್ತಪರೀಕ್ಷೆಯಲ್ಲಿ, ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಾದ ಟಿಎಸ್‌ಎಚ್ ಸರಿಯಾಗಿದೆ ಎಂಬ ಒಂದೇ ಧೈರ್ಯದ ಮೇಲೆ ಎರಡು ವರ್ಷ ಸುಮ್ಮನಿದ್ದ ತಪ್ಪು ನನ್ನದು. ಗ್ರಂಥಿಯ ಕೆಲಸ ಹೇಗೆ ನಡೆದಿದೆ ಎಂಬುದನ್ನು ಆ ಅಂಕಿ ಹೇಳುತ್ತದೆಯೇ ಹೊರತು, ಗ್ರಂಥಿ ಎಷ್ಟು ಬೆಳೆದಿದೆ, ಏನನ್ನು ಒತ್ತುತ್ತಿದೆ ಎಂಬುದನ್ನಲ್ಲ. ಲಕ್ಷಣಗಳಂತೂ ಕಣ್ಣೆದುರಿಗೇ ಇದ್ದವು: ಬೋರಮಾಳ ಬಿಗಿಯಾಯಿತೆಂದು ಅದರ ದಾರ ಉದ್ದ ಮಾಡಿಸಿಕೊಂಡಿದ್ದಳು, ರೊಟ್ಟಿಯ ತುತ್ತು ತುತ್ತಿಗೂ ನೀರು ಕುಡಿಯುತ್ತಿದ್ದಳು, ರಾತ್ರಿ ಎರಡು ದಿಂಬು ಇಲ್ಲದೆ ಮಲಗುತ್ತಿರಲಿಲ್ಲ.

ವೈದ್ಯರು ಎರಡೂ ಕೈಗಳನ್ನು ಕಿವಿಗೆ ತಾಗುವಂತೆ ಮೇಲೆತ್ತಿ ಹಿಡಿಯಲು ಹೇಳಿದರು. ಒಂದು ನಿಮಿಷ ತುಂಬುವಷ್ಟರಲ್ಲಿ ಅವ್ವನ ಮುಖ ಕೆಂಪೇರಿತು, ಕೊರಳ ನರಗಳು ಉಬ್ಬಿದವು. ಗಡ್ಡೆ ಎದೆಯೆಲುಬಿನ ಹಿಂದಕ್ಕೆ ಇಳಿದು ಶ್ವಾಸನಾಳವನ್ನು ಒಂದು ಬದಿಗೆ ತಳ್ಳಿರುವುದನ್ನು ಆಮೇಲೆ ಸಿಟಿ ಸ್ಕ್ಯಾನಿನಲ್ಲಿ ಬೆರಳಿಟ್ಟು ತೋರಿಸಿದರು. ಸೂಜಿ ಪರೀಕ್ಷೆಯಲ್ಲಿ ಬಂದದ್ದು, ಕ್ಯಾನ್ಸರಿನ ಸಂಶಯವನ್ನು ಆರು ದರ್ಜೆಗಳಲ್ಲಿ ಅಳೆಯುವ ಬೆಥೆಸ್ಡಾ ಪದ್ಧತಿಯ ಎರಡನೆಯ ದರ್ಜೆ, ಅಂದರೆ ಕ್ಯಾನ್ಸರ್ ಅಲ್ಲದ ಗಂಟು. ಹಾಗಿದ್ದ ಮೇಲೆ ಕೊಯ್ಯುವುದೇಕೆ ಎಂದು ನಾನು ಕೇಳಿಯೇಬಿಟ್ಟೆ. ಐದು ಮತ್ತು ಆರನೆಯ ದರ್ಜೆ ಬಂದವರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನೇ ಹೇಳುತ್ತಾರೆ. ಮೂರು, ನಾಲ್ಕು ಬಂದರೆ ಸಂಶಯ ಉಳಿಯುವುದರಿಂದ ಕೆಲವರಿಗೆ ಮತ್ತೆ ಸೂಜಿ ಹಾಕುತ್ತಾರೆ, ಕೆಲವರಿಗೆ ಅರ್ಧ ಗ್ರಂಥಿಯನ್ನಷ್ಟೇ ತೆಗೆದು ಪರೀಕ್ಷಿಸುತ್ತಾರೆ. ಆದರೆ ಉಸಿರಿಗೂ ನುಂಗುವುದಕ್ಕೂ ಅಡ್ಡಿಯಾಗುವ ಗಡ್ಡೆ ಕ್ಯಾನ್ಸರ್ ಅಲ್ಲದಿದ್ದರೂ ತೆಗೆಯಬೇಕಾದದ್ದೇ, ಅದನ್ನು ಕರಗಿಸುವ ಗುಳಿಗೆ ಇಲ್ಲ ಎಂದರು. ಗ್ರೇವ್ಸ್ ರೋಗದಲ್ಲಿ ಹಾರ್ಮೋನು ಅತಿಯಾಗಿ, ಗುಳಿಗೆಗೆ ಹತೋಟಿಗೆ ಬಾರದೆ, ಗರ್ಭಿಣಿಯೆಂಬಂಥ ಕಾರಣಕ್ಕೆ ಗ್ರಂಥಿಯನ್ನು ಕುಗ್ಗಿಸುವ ವಿಕಿರಣಶೀಲ ಅಯೋಡಿನ್ ಕೊಡಲೂ ಆಗದಿದ್ದಾಗ ಶಸ್ತ್ರಚಿಕಿತ್ಸೆಯೇ ದಾರಿಯಂತೆ.

ಜೊತೆಗೆ ಬಂದಿದ್ದ ವೈನಿಗೆ ತನ್ನದೇ ಚಿಂತೆ. ಹಾರ್ಮೋನು ಕಡಿಮೆಯೆಂದು ಎಂಟು ವರ್ಷಗಳಿಂದ ಗುಳಿಗೆ ನುಂಗುತ್ತಿರುವ ಅವಳು, ಮುಂದೊಂದು ದಿನ ತನ್ನ ಕೊರಳಿಗೂ ಕತ್ತರಿ ಬೀಳುತ್ತದೆಂದು ನಂಬಿದ್ದಳು. ಹಾರ್ಮೋನು ಕಡಿಮೆ ಎಂಬ ಒಂದೇ ಕಾರಣಕ್ಕೆ ಯಾರಿಗೂ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ ಎಂದಾಗ ಅವಳು ಬಿಟ್ಟ ನಿಟ್ಟುಸಿರು ಹೊರಗೆ ಕುಳಿತವರಿಗೂ ಕೇಳಿಸಿರಬೇಕು.

ಮದುವೆಮನೆಗಳಲ್ಲಿ ಸೋಬಾನ ಹಾಡುವ ಅವ್ವ ಕೇಳಿದ್ದು ಒಂದೇ: “ಆಮ್ಯಾಲೆ ಹಾಡಾಕ ಬರ್ತೈತೇನ್ರಿ?” ವೈದ್ಯರು ಅದನ್ನು ತೇಲಿಸಿಬಿಡದೆ, ಧ್ವನಿಯ ನರ ಗ್ರಂಥಿಯ ಬೆನ್ನಿಗೇ ಹಾಯುವುದನ್ನು ಚಿತ್ರ ಬಿಡಿಸಿ ತೋರಿಸಿ, ಮೊದಲೇ ಧ್ವನಿತಂತುಗಳ ಪರೀಕ್ಷೆ ಮಾಡಿಸಲು ಬರೆದುಕೊಟ್ಟರು. ಕ್ಯಾಲ್ಸಿಯಂ ಕಾಯುವ ನಾಲ್ಕು ಪುಟ್ಟ ಗ್ರಂಥಿಗಳೂ ಅಲ್ಲೇ ಅಂಟಿಕೊಂಡಿರುವುದರಿಂದ, ಆಮೇಲೆ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಎಂದರೆ ತಡಮಾಡದೆ ಹೇಳಬೇಕಂತೆ.

ಈ ಶಸ್ತ್ರಚಿಕಿತ್ಸೆಯನ್ನು ಸುರಕ್ಷಿತವಾಗಿಸಿದ ಸ್ವಿಟ್ಜರ್ಲೆಂಡಿನ ಥಿಯೋಡರ್ ಕೋಖರ್ ಅವರಿಗೆ 1909ರಲ್ಲಿ ನೊಬೆಲ್ ಬಂದಿತ್ತು. ಇಡೀ ಗ್ರಂಥಿ ಕಳೆದುಕೊಂಡ ರೋಗಿಗಳು ಮಂಕಾಗುವುದನ್ನು ಗುರುತಿಸಿದವರಲ್ಲಿ ಅವರೂ ಒಬ್ಬರು. ಅಂದು ಇಲ್ಲದ ಗುಳಿಗೆ ಇಂದು ನಮ್ಮ ಮನೆಯ ಕಪಾಟಿನಲ್ಲೇ ಇದೆ. ಅವ್ವನ ಪೂರ್ತಿ ಗ್ರಂಥಿಯನ್ನೇ ತೆಗೆಯುವುದರಿಂದ ಅವಳೂ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅದನ್ನು ನುಂಗಿ, ಕನಿಷ್ಠ ಅರ್ಧ ತಾಸು ಏನೂ ಸೇವಿಸದೆ ಇರಬೇಕು. ಮನೆಗೆ ಬಂದಾಗಿನಿಂದ ಅವ್ವ ಶಸ್ತ್ರಚಿಕಿತ್ಸೆಯ ಮಾತೇ ಎತ್ತಿಲ್ಲ; ಎದ್ದ ಕೂಡಲೇ ಚಹಾ ಇಲ್ಲದೆ ಅರ್ಧ ತಾಸು ಹೇಗೆ ಕಳೆಯುತ್ತೀ ಎಂದು ವೈನಿಯನ್ನು ಮೂರು ಸಲ ಕೇಳಿದ್ದಾಳೆ.