ಮತ್ತೇನ್ ಹೇಳ್ಬೇಕು ಅಂಕಲ್?

ಈ ಮಂಗಳವಾರ ಸಂಜೆ ನಾಲ್ಕರ ಸುಮಾರಿಗೆ ಮೈಸೂರಿನ ಕುವೆಂಪುನಗರದಲ್ಲಿ ಕೊರಿಯರ್ ಹುಡುಗನೊಬ್ಬ ಒಂದು ಮನೆಯ ಬೆಲ್ ಒತ್ತಿದ. ಯಾವ ರಸ್ತೆ ಅಂತ ಬೇಕೆಂದೇ ಬರೆಯುತ್ತಿಲ್ಲ. ಬಾಗಿಲು ಪೂರ್ತಿ ತೆರೆಯಿತು. ನಿಂತಿದ್ದವಳು ನಾಲ್ಕನೇ ಕ್ಲಾಸಿನ ಹುಡುಗಿ. ಯೂನಿಫಾರ್ಮ್ ಇನ್ನೂ ಬದಲಿಸಿಲ್ಲ, ಒಂದು ಕಾಲಲ್ಲಿ ಮಾತ್ರ ಸಾಕ್ಸ್.

"ಅಮ್ಮ ಇದಾರಾ ಪುಟ್ಟಿ?"

"ಇಲ್ಲ ಅಂಕಲ್. ಕಂಪನಿ ಬಸ್ಸು ಆರು ಗಂಟೆಗೆ ಬರತ್ತೆ. ನಾನೊಬ್ಳೇ ಇದೀನಿ."

"ಹಂಗೆಲ್ಲ ಯಾರ್ಗೂ ಹೇಳ್ಬಾರ್ದಮ್ಮ."

"ಮತ್ತೇನ್ ಹೇಳ್ಬೇಕು ಅಂಕಲ್?"

ಆತನಿಗೆ ಉತ್ತರ ಹೊಳೆಯಲಿಲ್ಲ. "ಬಾಗ್ಲು ಹಾಕ್ಕೊ" ಅಂದು, ಒಳಗೆ ಚಿಲಕ ಬಿದ್ದ ಸದ್ದು ಕೇಳುವವರೆಗೂ ಗೇಟಿನ ಹತ್ತಿರ ನಿಂತು ಹೋದ. ಒಳ್ಳೆಯ ಹುಡುಗ.

ಆ ಪ್ರಶ್ನೆ ಮಾತ್ರ ತಲೆಯಿಂದ ಹೋಗುತ್ತಿಲ್ಲ. ದೊಡ್ಡವರು ಕೇಳಿದರೆ ನಿಜ ಹೇಳಬೇಕು, ಬಂದವರನ್ನು ಬಾಗಿಲಲ್ಲಿ ನಿಲ್ಲಿಸಬಾರದು ಅಂತ ಮಕ್ಕಳಿಗೆ ಕಲಿಸಿದವರು ನಾವೇ. ಅವಳು ಅದನ್ನು ಚಾಚೂ ತಪ್ಪದೆ ಮಾಡಿದಳು. ಹಾಗೆ ಹೇಳಬೇಡ ಅನ್ನುವವರು ಎಷ್ಟೋ ಜನ. ಏನು ಹೇಳಬೇಕು ಅಂತ ಕೂರಿಸಿಕೊಂಡು ಹೇಳಿಕೊಡುವವರು ಕಡಿಮೆ.

ಕತ್ತಲಾಗುವಷ್ಟರಲ್ಲಿ ಬೀದಿಯಲ್ಲಿ ತೀರ್ಪು ಆಗಿಹೋಗಿತ್ತು: "ಅವರಮ್ಮಂಗೆ ಅಷ್ಟೂ ಗೊತ್ತಾಗಲ್ವಾ?" ಅಪ್ಪನೂ ಇದ್ದಾರೆ, ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ. ಅವರ ಮಾತನ್ನು ಯಾರೂ ಎತ್ತಲಿಲ್ಲ. ಇದು ಅನ್ಯಾಯ. ತಾಯಿಯ ಕೆಲಸ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ. ಶಾಲೆ ಬಿಡುವುದು ಮೂರೂವರೆಗೆ. ಕಾರ್ಖಾನೆಗಳು ಶಿಶುಪಾಲನಾ ಕೇಂದ್ರ ನಡೆಸಬೇಕೆಂಬ ಕಾನೂನು 6 ವರ್ಷದೊಳಗಿನ ಮಕ್ಕಳಿಗಷ್ಟೇ. ಆಮೇಲಿನ ಮಕ್ಕಳ ಸಂಜೆಯ ಈ ಎರಡೂವರೆ ಗಂಟೆಗೆ ಯಾರೂ ಹೊಣೆಯಲ್ಲ. ಅಜ್ಜಿ ಜೊತೆಗಿದ್ದರೆ ಸರಿ, ಇಲ್ಲದಿದ್ದರೆ ಬೀಗದ ಕೈ ಮಗುವಿನ ಸ್ಕೂಲ್ ಬ್ಯಾಗಿಗೆ ಹೋಗುತ್ತದೆ.

ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡಲು ಎಷ್ಟು ವಯಸ್ಸಾಗಿರಬೇಕು ಅಂದರೆ ನಮ್ಮ ಕಾನೂನು ಇಷ್ಟೇ ಅಂತ ಹೇಳುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್, ಮಗುವನ್ನು ಬೇಕೆಂದೇ ನಿರ್ಲಕ್ಷಿಸಿ ನೋವಿಗೆ ಒಡ್ಡಿದವರಿಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಅನ್ನುತ್ತದೆ. ಸಂಜೆ ಎರಡು ಗಂಟೆ ಒಂಟಿಯಾಗಿ ಬಿಡಲು ಯಾವ ವಯಸ್ಸು ಸರಿ ಅನ್ನುವುದನ್ನು ಮನೆಯವರೇ ಗೊತ್ತುಮಾಡಬೇಕು. ನನ್ನ ಅಭಿಪ್ರಾಯ ಹೇಳುವುದಾದರೆ 8ರೊಳಗೆ ಬೇಡವೇ ಬೇಡ. 10 ತುಂಬಿದ ಮೇಲೆ ಹಗಲಲ್ಲಿ ಅರ್ಧ ಗಂಟೆ, 12ರ ಹೊತ್ತಿಗೆ ಎರಡು ಗಂಟೆ. ಕತ್ತಲಾದ ಮೇಲೆ ಈ ವಯಸ್ಸಿನವರು ಯಾರೂ ಬೇಡ. ಆದರೆ 12ರಲ್ಲೂ ತಯಾರಾಗದ ಮಕ್ಕಳಿದ್ದಾರೆ. ಅಂದುಕೊಂಡಂತೆ ನಡೆಯದೇ ಹೋದಾಗ ಮಗು ಮುಂದೇನು ಮಾಡುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದನ್ನು ಮೊದಲೇ ಮಾಡಿಸಿ ನೋಡಬಹುದು.

ಆ ಹುಡುಗಿಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಕಲಿಸುವ ಉತ್ತರ "ಅಮ್ಮ ಸ್ನಾನಕ್ಕೆ ಹೋಗಿದಾರೆ". ಇದು ಕೆಲಸಕ್ಕೆ ಬರುವುದಿಲ್ಲ. "ಪರ್ವಾಗಿಲ್ಲ, ಕಾಯ್ತೀನಿ" ಅಂದುಬಿಟ್ಟರೆ ಮಗುವಿನ ಹತ್ತಿರ ಎರಡನೇ ಮಾತಿರುವುದಿಲ್ಲ, ತಡವರಿಸುತ್ತದೆ, ಕೊನೆಗೆ ನಿಜ ಬಾಯಿಗೆ ಬರುತ್ತದೆ. ಸುಳ್ಳೂ ಅಲ್ಲದ, ಸುಳಿವೂ ಕೊಡದ ಮಾತು ಬೇಕು: "ಈಗ ಆಗಲ್ಲ, ಪಕ್ಕದ್ಮನೇಲಿ ಕೊಟ್ಬಿಡಿ." ಅಷ್ಟೇ. ಮತ್ತೆ ಕೇಳಿದರೂ ಅದೇ ಮಾತು, ಮುಚ್ಚಿದ ಬಾಗಿಲ ಹಿಂದಿನಿಂದಲೇ. ಒಟಿಪಿ ಕೇಳುವ ಪಾರ್ಸೆಲ್ಲುಗಳನ್ನು ಭಾನುವಾರಕ್ಕೆ ತರಿಸಿಕೊಳ್ಳಿ.

ಇದಕ್ಕಿಂತ ಕಷ್ಟದ್ದು ಪರಿಚಯದವರ ವಿಷಯ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿರುವವರೇ. ಹಾಗಾಗಿ "ಗೊತ್ತಿಲ್ಲದವರಿಗೆ ಬಾಗಿಲು ತೆಗೀಬೇಡ" ಅನ್ನುವುದು ಅರ್ಧ ಪಾಠ. ಬಾಗಿಲು ಯಾರಿಗೆ ತೆರೆಯಬಹುದು ಅಂತ ಮೂರು ನಾಲ್ಕು ಹೆಸರು ಗೊತ್ತುಮಾಡಿ. ಆ ಹೆಸರುಗಳಲ್ಲಿ ಇಲ್ಲದವರು ಸ್ವಂತ ಚಿಕ್ಕಪ್ಪನೇ ಆಗಲಿ, "ಅಮ್ಮಂಗೆ ಫೋನ್ ಮಾಡಿ ಕೇಳ್ತೀನಿ, ಇರಿ". ನೆಂಟರು ಬೇಸರ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ, ಅವರಿಗೆ ಸಮಾಧಾನ ಹೇಳುವುದು ಅಪ್ಪ ಅಮ್ಮನ ಕೆಲಸ, ಮಗುವಿನದಲ್ಲ.

ಬಾಗಿಲಿನ ಬಗ್ಗೆ ಇನ್ನೊಂದು ಮಾತಿದೆ. ಕೊರಿಯರ್ ಹುಡುಗ ಕೇಳಿಸಿಕೊಂಡು ಹೋದದ್ದು ಚಿಲಕದ ಸದ್ದು. ಮಗು ಒಳಗಿನಿಂದ ಚಿಲಕ ಹಾಕಿಕೊಂಡು ನಿದ್ದೆ ಹೋದರೆ, ಜ್ವರ ಬಂದು ಮಲಗಿದರೆ, ಹೊರಗಿರುವ ನಿಮ್ಮ ಕೈಯಲ್ಲಿ ಕೀಲಿ ಇದ್ದೂ ಪ್ರಯೋಜನವಿಲ್ಲ, ಬಾಗಿಲು ಒಡೆಯಬೇಕು. ಒಂಟಿಯಾಗಿರುವಾಗ ಚಿಲಕ ಬೇಡ, ಎರಡೂ ಕಡೆಯಿಂದ ತೆರೆಯಬಹುದಾದ ಲಾಕ್ ಸಾಕು. ಎಳೆದರೆ ತಾನೇ ಲಾಕ್ ಆಗುವ ಬಾಗಿಲಿಗೆ ಬೇರೆ ತೊಂದರೆ: ಬೀದಿಯಲ್ಲಿ ಏನೋ ಸದ್ದಾಯಿತು ಅಂತ ಮಗು ಆಚೆ ಬಂದರೆ ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತದೆ, ಕೀಲಿ ಒಳಗೇ ಉಳಿಯುತ್ತದೆ. ಇನ್ನೊಂದು ಕೀಲಿ ಸದಾ ಮನೆಯಲ್ಲಿರುವ ನೆರೆಯವರ ಹತ್ತಿರ ಇರಲಿ. ಹೂಕುಂಡದ ಕೆಳಗೆ, ಚಪ್ಪಲಿ ಗೂಡಿನಲ್ಲಿ ಇಡಬೇಡಿ, ಎಲ್ಲರೂ ಮೊದಲು ಹುಡುಕುವುದು ಅಲ್ಲೇ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಬಿಗಿಯಾದಾಗಲೂ ಮಗುವಿನ ಕೈಯಿಂದಲೇ ತೆಗೆಸಿ ನೋಡಿ. ಬಚ್ಚಲುಮನೆಗೂ ಚಿಲಕ ಬೇಡ, ಒಬ್ಬರೇ ಇದ್ದಾಗ ಸ್ನಾನವೂ ಬೇಡ.

ಅಡುಗೆಮನೆಯಲ್ಲಿ ಸ್ಟೌ ಆರಿಸಿದರೆ ಸಾಲದು, ಸಿಲಿಂಡರಿನ ರೆಗ್ಯುಲೇಟರನ್ನೇ ಆಫ್ ಮಾಡಿ ಹೊರಡಬೇಕು. ಗ್ಯಾಸ್ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಡುತ್ತದೆ. ವಾಸನೆ ಬಂದರೆ ಮಗು ಸಿಲಿಂಡರಿನ ಹತ್ತಿರ ಹೋಗಕೂಡದು, ಯಾವ ಸ್ವಿಚ್ಚನ್ನೂ ಮುಟ್ಟಕೂಡದು. ಲೈಟು ಹಾಕುವಾಗ ಮಾತ್ರವಲ್ಲ, ಆರಿಸುವಾಗಲೂ ಕಿಡಿ ಏಳುತ್ತದೆ. ಬಾಗಿಲು ತೆರೆದಿಟ್ಟು ಆಚೆ ಬರಬೇಕು, ಫೋನ್ ಮಾಡುವುದು ಹೊರಗೆ ನಿಂತು. ಗ್ಯಾಸ್ ಸೋರಿಕೆಗೆ 1906. ತಿನ್ನಲು ಬೆಂಕಿ ಬೇಡದ್ದೇ ಇರಲಿ: ಡಬ್ಬಿಯಲ್ಲಿ ಮೊಸರನ್ನ, ಬಾಳೆಹಣ್ಣು, ಕಡ್ಲೆಪುರಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಪ್ಲಗ್ಗಿನಿಂದ ಕಿತ್ತು ಕಪಾಟಿಗೆ ಹೋಗಲಿ, ಸಂಪಿನ ಮುಚ್ಚಳಕ್ಕೆ ಬೀಗ ಬೀಳಲಿ. ಕರೆಂಟು ಹೋದರೆ ಟಾರ್ಚ್, ಮೇಣದಬತ್ತಿ ಅಲ್ಲ.

ಮನೆಗಳಿಂದ ಲ್ಯಾಂಡ್‌ಲೈನ್ ಹೋಗಿ, ದೊಡ್ಡವರು ಮೊಬೈಲು ತೆಗೆದುಕೊಂಡು ಹೊರಟ ಮೇಲೆ ಮಗುವಿಗೆ ಫೋನೇ ಇರುವುದಿಲ್ಲ. ಬಟನ್ ಇರುವ ಸಾದಾ ಮೊಬೈಲೊಂದನ್ನು ಒಂದೇ ಜಾಗದಲ್ಲಿ ಚಾರ್ಜ್ ಮಾಡಿಡಿ. ಎರಡು ನಂಬರ್ ಬಾಯಿಪಾಠ ಇರಲಿ, ಜೊತೆಗೆ 112 ಮತ್ತು ಮಕ್ಕಳ ಸಹಾಯವಾಣಿ 1098. ಬಹಳ ಮಕ್ಕಳು ಎಡವುವುದು ವಿಳಾಸದಲ್ಲಿ. ಮನೆಗೆ ಕಣ್ಣುಮುಚ್ಚಿಕೊಂಡು ಬರುತ್ತಾರೆ, ಆದರೆ ಬಾಗಿಲ ನಂಬರ್, ಕ್ರಾಸು, ಬ್ಲಾಕು, ಹತ್ತಿರದ ಗುರುತು ಅಂತ ಅನುಕ್ರಮವಾಗಿ ಹೇಳಲು ಬರುವುದಿಲ್ಲ. ಜೋರಾಗಿ ಹೇಳಿಸಿ.

ಇಷ್ಟಾದ ಮೇಲೆ ಹಾಲು ತರಲು ಹತ್ತು ನಿಮಿಷ ಹೋಗಿಬನ್ನಿ. ಅದು ಸರಿಹೋದರೆ ಇಪ್ಪತ್ತು, ಅರ್ಧ ಗಂಟೆ, ಆಮೇಲೆ ಒಂದು ಗಂಟೆ. ಹೇಳಿದ ಹೊತ್ತಿಗೇ ಬನ್ನಿ. ತಡವಾಗುವುದಾದರೆ ಆ ಹೊತ್ತಿಗೆ ಮುಂಚೆ ಫೋನ್ ಮಾಡಿ. ಬಂದಾಗ ಮನೆ ಹೇಗಿದೆ ನೋಡಿ. ಹಗಲಲ್ಲೇ ಎಲ್ಲ ಲೈಟು ಹಾಕಿ, ಟೀವಿ ಜೋರಾಗಿಟ್ಟು, ಮಗು ಗೇಟಿನ ಮೆಟ್ಟಿಲ ಮೇಲೆ ಬ್ಯಾಗ್ ಸಮೇತ ಕೂತಿದ್ದರೆ ಅದು ಹೆದರಿದೆ ಅಂತ ಅರ್ಥ. ಭಯ ಇಲ್ಲ ಅಂತ ಬಾಯಲ್ಲಿ ಹೇಳಿದರೂ ನಂಬಬೇಡಿ. ಎರಡು ತಿಂಗಳು ಬಿಟ್ಟು ಮತ್ತೆ ಹತ್ತು ನಿಮಿಷದಿಂದ ಶುರುಮಾಡಿ.

ಚಿಕ್ಕ ತಮ್ಮನೋ ತಂಗಿಯೋ ಇದ್ದರೆ ಲೆಕ್ಕವೇ ಬೇರೆ. ತನ್ನನ್ನು ತಾನು ನೋಡಿಕೊಳ್ಳಬಲ್ಲ ಹತ್ತು ವರ್ಷದ ಮಗು ನಾಲ್ಕು ವರ್ಷದ್ದನ್ನು ನೋಡಿಕೊಳ್ಳಲಾರದು. ಚಿಕ್ಕದು ಬಿದ್ದು ರಕ್ತ ಬಂದರೆ ಅದನ್ನು ಎತ್ತಿಕೊಳ್ಳಬೇಕು, ಫೋನ್ ಮಾಡಬೇಕು, ಬಾಗಿಲು ತೆಗೆಯಬೇಕು. ಮೂರೂ ಒಟ್ಟಿಗೇ ಆಗಬೇಕು. ಅಂಥ ಮನೆಯವರು ದುಡ್ಡು ಖರ್ಚಾದರೂ ಸರಿ, ಇಬ್ಬರನ್ನೂ ಡೇಕೇರಿನಲ್ಲಿ ಬಿಡಲಿ, ಇಲ್ಲವೇ ಗಂಡ ಹೆಂಡತಿ ಪಾಳಿ ಬದಲಿಸಿಕೊಳ್ಳಲು ಆಗುತ್ತದಾ ಅಂತ ಇಬ್ಬರೂ ಅವರವರ ಆಫೀಸಿನಲ್ಲಿ ಕೇಳಲಿ.