ದೊಡ್ಡ ಗಾಡಿ ಅಲ್ವಾ, ನುಗ್ಗಿಸಿ!

ಈ ವಾರದ ಮಳೆಯಲ್ಲಿ ಕೇಳಿದ ಒಂದು ಮಾತು ಇನ್ನೂ ಕಿವಿಯಲ್ಲೇ ಇದೆ. ಅಂಡರ್‌ಪಾಸ್ ತುಂಬ ನೀರು. ನಾನು ಎಸ್‌ಯುವಿ ನಿಲ್ಲಿಸಿ ನೋಡುತ್ತಿದ್ದೆ. ಹಿಂದಿನಿಂದ ಒಂದೇ ಸಮನೆ ಹಾರ್ನ್. ಕೊನೆಗೆ ಒಬ್ಬರು ಇಳಿದು ಬಂದು ಕಿಟಕಿ ತಟ್ಟಿದರು.

"ಇಷ್ಟು ದೊಡ್ಡ ಗಾಡಿ ಇಟ್ಕೊಂಡು ಯಾಕೆ ಸಾರ್ ನಿಂತಿದ್ದೀರಿ? ನುಗ್ಗಿಸಿ, ಹೋಗತ್ತೆ."

ಆಳ ಎಷ್ಟಿದೆ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಕೆಂಪು ನೀರಿನಡಿ ಮ್ಯಾನ್‌ಹೋಲ್ ಮುಚ್ಚಳ ಇದೆಯೋ ಇಲ್ಲವೋ ಯಾರು ಕಂಡರು? ನಾನು ಫುಟ್‌ಪಾತ್ ಅಂಚನ್ನೇ ನೋಡುತ್ತಿದ್ದೆ. ನೋಡ್ತಾ ನೋಡ್ತಾ ಅದೂ ಮುಳುಗಿತು. ನೀರು ಏರುತ್ತಿದೆ ಅಂತ ತಿಳಿಯಲು ಅಷ್ಟು ಸಾಕು.

ಎಷ್ಟು ಆಳದ ನೀರಿಗೆ ಇಳಿಸಬಹುದು ಅಂತ ಕಂಪನಿಯವರೇ ಹೇಳಿರುತ್ತಾರೆ. ಮಹೀಂದ್ರದ ಥಾರ್ ಎಸ್‌ಯುವಿಗೆ 650 ಮಿಲಿಮೀಟರ್. ಆದರೆ ಅದು ನಿಂತ ನೀರಿನಲ್ಲಿ ಮೆಲ್ಲಗೆ ಹೋಗುವ ಲೆಕ್ಕ. ಹರಿಯುವ ನೀರು 2 ಅಡಿ ಇದ್ದರೆ ಎಸ್‌ಯುವಿಯನ್ನೂ ಎತ್ತಿಕೊಂಡು ಹೋಗುತ್ತದೆ. ಚಕ್ರ ನೆಲ ಬಿಟ್ಟ ಮೇಲೆ ಫೋರ್‌ವೀಲ್ ಡ್ರೈವ್ ಇದ್ದರೂ ಏನು ಬಂತು?

ಅಷ್ಟರಲ್ಲಿ ಪಕ್ಕದಿಂದ ಇನ್ನೊಂದು ಎಸ್‌ಯುವಿ ರಭಸವಾಗಿ ನುಗ್ಗಿತು. ಬಾನೆಟ್ ಮೇಲೆ ನೀರು ಹಾರಿತು. ಗೋಡೆ ಬದಿಯಲ್ಲಿ ಒಬ್ಬ ಹೆಂಗಸು ಸ್ಕೂಟರ್ ತಳ್ಳಿಕೊಂಡು ಬರುತ್ತಿದ್ದರು. ಅಲೆ ಅವರ ಸೊಂಟಕ್ಕೆ ಬಡಿಯಿತು. ಸ್ಕೂಟರ್ ಕೈತಪ್ಪಿ ಮಗುಚಿತು. ಅವರು ಎರಡೂ ಕೈ ಗೋಡೆಗೆ ಊರಿ ನಿಂತರು. ನಾನೂ ಇನ್ನೊಬ್ಬರೂ ಇಳಿದು ಹೋಗಿ ಅವರನ್ನು ಮೇಲಕ್ಕೆ ಕರೆತಂದೆವು. ಚಪ್ಪಲಿ ಹೋಗಿತ್ತು. ಕೈ ನಡುಗುತ್ತಿತ್ತು.

ನುಗ್ಗಿದ ಗಾಡಿ ನಡುವೆಯೇ ಆಫ್ ಆಗಿತ್ತು. ಆ ಮನುಷ್ಯ ಮತ್ತೆ ಮತ್ತೆ ಸ್ಟಾರ್ಟ್ ಮಾಡುತ್ತಿದ್ದ. "ಬೇಡ, ಬಿಟ್ಬಿಡಿ" ಅಂತ ಕೂಗಿದೆ. ಗಾಳಿ ಎಳೆಯುವ ದಾರಿಯಲ್ಲಿ ನೀರು ಸಿಲಿಂಡರ್‌ಗೆ ಹೊಕ್ಕಿದ್ದರೆ, ಪಿಸ್ಟನ್ ಎಷ್ಟು ಒತ್ತಿದರೂ ಅದು ಕುಗ್ಗುವುದಿಲ್ಲ. ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಸ್ಟಾರ್ಟ್ ಮಾಡದೆ ಟೋ ಮಾಡಿಸಿದರೆ ಎಂಜಿನ್ ಉಳಿದೀತು.

ಆಳ ಗೊತ್ತಿದ್ದು ದಾಟುವುದಾದರೂ ಮೊದಲ ಗೇರ್, ಆಕ್ಸಿಲರೇಟರ್ ಒಂದೇ ಹದ, ನಡುವೆ ಗೇರ್ ಬದಲಾಯಿಸುವಂತಿಲ್ಲ. ಎದುರಿನ ಗಾಡಿ ದಾಟಿ ಹೋಗಲಿ ಅಂತ ಕಾಯಬೇಕು. ಆಚೆ ಬಂದ ಮೇಲೆ ಬ್ರೇಕ್ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಬೇಕು. ಇದೆಲ್ಲ ಬಹಳ ಜನಕ್ಕೆ ಗೊತ್ತು. ಆದರೂ ಹಿಂದೆ ಹಾರ್ನ್ ಹೊಡೆದರೆ ನಿಲ್ಲುವುದೇ ಅವಮಾನ ಅನ್ನಿಸಿಬಿಡುತ್ತದೆ. ದೊಡ್ಡ ಗಾಡಿಯವರು ಹಿಂದೆ ಸರಿಯಬಾರದು ಅಂತ ಯಾರು ಹೇಳಿದರು?

"ನುಗ್ಗಿಸಿ, ಹೋಗತ್ತೆ" ಅಂದವರು ಕೆಟ್ಟವರೇನಲ್ಲ. ಮನೆಗೆ ಹೋಗುವ ಅವಸರ ಇದ್ದಿರಬಹುದು. ನನ್ನ ಸಿಟ್ಟು ನೀರಿಗೆ ನುಗ್ಗಿದ ಆ ಡ್ರೈವರ್ ಮೇಲೆ. ನಮ್ಮ ಸೀಟು ಎತ್ತರದಲ್ಲಿರುತ್ತದೆ, ಕೂತಲ್ಲಿಗೆ ನೀರು ಬರುವುದಿಲ್ಲ. ಪಕ್ಕದಲ್ಲಿ ನಡೆಯುವವರಿಗೆ ಅದೇ ನೀರು ಸೊಂಟದವರೆಗೆ. ಅವನು ಹೊರಗೆ ಬಂದ ಮೇಲೂ ನನ್ನನ್ನು ಕೇಳಿದ್ದು ಎಂಜಿನ್ ಬಗ್ಗೆ, ಇನ್ಶೂರೆನ್ಸ್ ಬಗ್ಗೆ. ಆಕೆ ಅಲ್ಲೇ ಬರಿಗಾಲಲ್ಲಿ ನಿಂತಿದ್ದರು. ಏನಾಯ್ತಮ್ಮ ಅಂತ ಒಂದು ಮಾತು ಕೇಳಲಿಲ್ಲ.